ಹೊಸ ರಾಗಿಗೆ ಕಾದವರು

ನವೆಂಬರ್ 6, ಬುಧವಾರ

ಬಂದು ಸೇರಿದೆ. ಸೇರಿದೆ ಅನ್ನುವುದಕ್ಕಿಂತ ಬಂದು ಬಿದ್ದೆ ಅಂತ ಬರೆದುಕೊಳ್ಳುವುದು ಸರಿ. ದೊಡ್ಡಬೆಳವಂಗಲದಲ್ಲಿ ಬಸ್ಸಿಳಿದು ಆಟೋದವನಿಗೆ ಗೂಗೆಕಲ್ಲು ದೊಡ್ಡಿ ಅಂದೆ. "ಅಲ್ಲೇನೈತೆ ಮೇಡಂ, ಜೇನುತುಪ್ಪ ಬೇಕಿತ್ತಾ" ಅಂದ. ಬೆಟ್ಟದ ಬುಡದಲ್ಲಿ ನನ್ನನ್ನೂ ನನ್ನ ಟ್ರಂಕನ್ನೂ ಇಳಿಸಿ ಹೋದ. ಅಲ್ಲಿಂದ ಮೇಲಕ್ಕೆ ಕಾಲುದಾರಿ, ಎರಡೂ ಕಡೆ ಜಾಲಿಮುಳ್ಳು. ಚಪ್ಪಲಿ ಅರ್ಧ ದಾರಿಯಲ್ಲೇ ಕಿತ್ತುಹೋಯಿತು.

ಈ ಕೆಲಸ ಒಪ್ಪಿಕೊಂಡ ನನಗೆ ಬುದ್ಧಿ ಇಲ್ಲ. ನಾನು ಕೆಲಸಕ್ಕಿದ್ದ ಸೀರೆ ಅಂಗಡಿಯವರು ಬಾಗಿಲು ಹಾಕಿದ ಮೇಲೆ ಅಣ್ಣನ ಮನೆಯಲ್ಲಿ ಕೂತು ತಿನ್ನುವವಳು ಅನ್ನಿಸಿಕೊಳ್ಳುವುದಕ್ಕಿಂತ ಇದು ವಾಸಿ ಅಂದುಕೊಂಡೆ. ಬೆಂಗಳೂರಿನ ಟ್ರಸ್ಟೊಂದರ ಆನಂದ್ ಸರ್‌ಗೆ ಒಂದು ಪುಸ್ತಿಕೆ ಬೇಕಂತೆ. 'ಬೆಟ್ಟದ ಇರುಳಿಗರು: ಬದುಕು, ನಂಬಿಕೆ, ಅಗತ್ಯ' ಅಂತ ಹೆಸರು ಕೂಡ ಇಟ್ಟಾಗಿದೆ. ಕೂಸು ಹುಟ್ಟುವ ಮೊದಲೇ ಕುಲಾವಿ. ಸರ್ ಬೆಟ್ಟ ಹತ್ತುವುದಿಲ್ಲ, ಮಂಡಿ ನೋವು. ನಾನು ಇರುಳಿಗರು ಅನ್ನುವ ಈ ಬುಡಕಟ್ಟಿನವರ ನಡುವೆ ಇದ್ದು, ಇವರನ್ನು ಕೇಳಿ ಕೇಳಿ ಬರೆದುಕೊಡಬೇಕು.

ದೊಡ್ಡಿ ಅಂದರೆ ಇಳಿಜಾರಿನಲ್ಲಿ ಅಲ್ಲೊಂದು ಇಲ್ಲೊಂದು ಬಿದ್ದಿರುವ ಹದಿನೈದಿಪ್ಪತ್ತು ಮನೆ, ಕಲ್ಲು ಕಟ್ಟಿ ಮಣ್ಣು ನಿಲ್ಲಿಸಿಕೊಂಡ ಸಣ್ಣ ಸಣ್ಣ ರಾಗಿ ಹೊಲ. ಸರ್ಕಾರದ ಶೀಟಿನ ಮನೆ ಒಂದು ಖಾಲಿ ಇತ್ತು, ಅದನ್ನು ನನಗೆ ಬಿಟ್ಟುಕೊಟ್ಟರು. ದೊಡ್ಡಿಯ ಪರವಾಗಿ ಮಾತಾಡುವವನು ಬೈರಣ್ಣ, ಐವತ್ತರ ಆಸುಪಾಸು. ಅವನ ಹೆಂಡತಿ ಚಿಕ್ಕತಾಯಮ್ಮ ಮುದ್ದೆ, ಹುರುಳಿ ಸಾರು ತಂದಿಟ್ಟಳು. ತಟ್ಟೆ ನೋಡಿಯೇ ನನಗೆ ಸಾಕಾಯಿತು. "ನಾನೇ ಮಾಡ್ಕೋತೀನಿ, ಕಂಡೋರ ಮನೇಲಿ ಉಣ್ಣೋ ಅಭ್ಯಾಸ ಇಲ್ಲ" ಅಂದೆ. ಚುಚ್ಚಲಿ ಅಂತಲೇ ಅಂದದ್ದು. ಆ ಹೆಂಗಸಿಗೆ ಚುಚ್ಚಲೂ ಇಲ್ಲ. "ಹಂಗಾರೆ ನೀವು ಬ್ಯಾರೆ ಒಲೆ" ಅಂದು ತಟ್ಟೆ ಎತ್ತಿಕೊಂಡು ಹೋದಳು.

ನವೆಂಬರ್ 7

ಗ್ಯಾಸ್ ಸ್ಟೌವಿನ ರೆಗ್ಯುಲೇಟರ್ ದಾರಿಯಲ್ಲಿ ಎಲ್ಲೋ ಬಿದ್ದಿದೆ. ಬೈರಣ್ಣ ಬಾಗಿಲ ಮುಂದೆ, ಸೂರಿನ ಕೆಳಗೆ, ಮೂರು ಕಲ್ಲು ಹೂಡಿಕೊಟ್ಟ. ಅವನ ತಾಯಿ ಅಮ್ಮಯಮ್ಮ ಮಡಕೆ ಚೂರಿನಲ್ಲಿ ಕೆಂಡ ಹಿಡಿದುಕೊಂಡು ಬಂದಳು. ವಯಸ್ಸು ಎಷ್ಟೋ ಅವಳಿಗೇ ಗೊತ್ತಿಲ್ಲ, ದೊಡ್ಡಿಗೆಲ್ಲ ಹಿರಿಯಳು. ಬೆಂಕಿಪೊಟ್ಟಣ ಇದೆ ಅಂದೆ, ಕಿವಿಗೇ ಹಾಕಿಕೊಳ್ಳಲಿಲ್ಲ. ಊದಿ ಊದಿ ಉರಿ ಮಾಡಿ, "ನಿನ್ ಹೆಸ್ರೇನವ್ವ" ಅಂದಳು. ಬನಶಂಕರಿ ಅಂದೆ. ಬೆಟ್ಟದ ನೆತ್ತಿಯ ಕಡೆ ಮುಖ ಮಾಡಿ, ಪಕ್ಕದ ಮನೆಯವರಿಗೆ ಹೇಳುವ ಹಾಗೆ ನನ್ನ ಹೆಸರು ಹೇಳಿದಳು.

ಅರಳುಮರಳು. ಹೊಗೆಗೆ ಕಣ್ಣು ಉರಿಯುತ್ತಿದೆ. ಅನ್ನ ಸೀದುಹೋಯಿತು.

ನವೆಂಬರ್ 11

ಇವತ್ತು 'ನಂಬಿಕೆ'. ನಿಮ್ಮ ದೇವರು ಯಾವುದು ಅಂತ ಬೈರಣ್ಣನನ್ನು ಕೇಳಿದೆ. ಬೆಟ್ಟ ತೋರಿಸಿದ. ಬೆಟ್ಟದ ಮೇಲೆ ಗುಡಿ ಇದೆಯಾ ಅಂದೆ. ಇಲ್ಲ. ವಿಗ್ರಹ? ಇಲ್ಲ. ಮತ್ತೇನಿದೆ ಅಂದರೆ "ಬೆಟ್ಟ ಐತಲ್ಲ ಮೇಡಮ್ನೋರೆ" ಅನ್ನುತ್ತಾನೆ. ಇಂಥವರ ಹತ್ತಿರ ಏನು ಕೇಳುವುದು, ಏನು ಬರೆಯುವುದು.

ಕೆಳಗಿನಿಂದ ಭಜನೆಯವರು ಬಂದು ಸೀರೆ ಹಂಚಿದರಂತೆ, ಪ್ರಾರ್ಥನೆಯವರು ಬಂದು ಅವರೂ ಸೀರೆ ಹಂಚಿದರಂತೆ. ಎರಡೂ ಕಡೆಯ ಸೀರೆ ಉಟ್ಟುಕೊಂಡು ಎರಡೂ ಕಡೆಯವರಿಗೆ ಹೂಂ ಅಂದು ಕಳಿಸಿದ್ದಾರೆ. ನಾನು ಸೆರಗು ಹಿಡಿದು ನೋಡಿದೆ. ಮಗ್ಗದ ಮನೆಯಲ್ಲಿ ಹುಟ್ಟಿದವಳು, ನನ್ನ ಬೆರಳಿಗೆ ಸುಳ್ಳು ಹೇಳಲು ಆಗುವುದಿಲ್ಲ. ಎರಡೂ ಒಂದೇ ಕಡೆಯ ಸರಕು, ಎರಡು ಒಗೆತಕ್ಕೆ ನೂಲು ನೂಲಾಗುವ ಬಟ್ಟೆ. ಕೊಟ್ಟವರ ಯೋಗ್ಯತೆ ಅಷ್ಟೇ. ಉಟ್ಟವರಿಗೆ ಅದೂ ಗೊತ್ತಾಗುವುದಿಲ್ಲ.

ನವೆಂಬರ್ 15

'ಅಗತ್ಯ' ಕೇಳಲು ಹೊರಟೆ. ಮುದುಕಿ ಅಮ್ಮಯಮ್ಮನಿಂದಲೇ ಶುರು ಮಾಡಿದೆ. ಜಗುಲಿಯ ಮೇಲೆ ಗೋಣಿತಾಟಿನ ಮೇಲೆ ಮಲಗಿದ್ದಳು, ಒಂದು ವಾರದಿಂದ ಅನ್ನ ಸೇರುತ್ತಿಲ್ಲ.

"ಅಜ್ಜಿ, ನಿಮಗೆ ಏನೇನು ಬೇಕು?"

"ನಿಂಗೇನು ಬೇಕು, ಹೇಳು."

"ನನಗೇನೂ ಬೇಡ. ನಿಮಗೆ ಕೇಳ್ತಿದೀನಿ."

"ಏನೂ ಬ್ಯಾಡದೋಳು ಗಂಡ ಮಕ್ಕಳು ಬಿಟ್ಟು ಈ ಬೆಟ್ಟಕ್ಯಾಕ್ ಬಂದೆ?"

ಗಂಡ ಬಿಟ್ಟು ಹನ್ನೆರಡು ವರ್ಷ, ಮಕ್ಕಳಿಲ್ಲ, ಅಣ್ಣನ ಮನೆಯಲ್ಲಿ ಇದ್ದೇನೆ ಅಂತ ಇವಳಿಗೆ ಯಾಕೆ ಹೇಳಲಿ. ಆದರೂ ಹೇಳಿಬಿಟ್ಟೆ. ಮುದುಕಿ ಅಯ್ಯೋ ಪಾಪ ಅನ್ನಲಿಲ್ಲ, ಅದೊಂದು ಪುಣ್ಯ. "ಅಣ್ಣನ ಹೆಂಡ್ರು ಹೊಟ್ಟೆ ತುಂಬ ಇಕ್ತಾಳಾ" ಅಂದಳು. ಕೈಬೀಸಿ ಎದ್ದು ಬಂದೆ. ಇವರಿಗೆ ಮಾನ ಮರ್ಯಾದೆ ಅನ್ನುವುದು ಇಲ್ಲ, ಯಾವುದು ಕೇಳಬೇಕು ಯಾವುದು ಕೇಳಬಾರದು ಅನ್ನುವುದೂ ಇಲ್ಲ.

ನವೆಂಬರ್ 21

ರಾಗಿ ಕೊಯ್ಲು ನಡೆದಿದೆ. ಇವರ ದಡ್ಡತನಕ್ಕೆ ಇವತ್ತು ಒಂದು ಒಳ್ಳೆಯ ಉದಾಹರಣೆ ಸಿಕ್ಕಿತು, ಆನಂದ್ ಸರ್ ಖುಷಿಪಡುತ್ತಾರೆ.

ಮನೆ ಮನೆಯಲ್ಲೂ ಹಳೆಯ ರಾಗಿ ಮುಗಿದಿದೆ. ಹೋದ ವರ್ಷ ಅರ್ಧ ಬೆಳೆ ಹಂದಿ ತಿಂದಿತ್ತಂತೆ. ಈಗ ಸೊಸೈಟಿಯ ಅಕ್ಕಿಯಲ್ಲಿ ಕಾಲ ಹಾಕುತ್ತಿದ್ದಾರೆ. ಎದುರಿಗೇ ಹೊಸ ರಾಗಿ ತೆನೆ ಗುಡ್ಡೆ ಬಿದ್ದಿದೆ, ಒಂದು ಕಾಳು ಬಾಯಿಗೆ ಹಾಕುವುದಿಲ್ಲ. ಯಾಕೆ ಅಂದರೆ ಕಟ್ಟಳೆ. ಬೇರೆ ಕಡೆ ಇದೆಯೋ ಇಲ್ಲವೋ, ಈ ದೊಡ್ಡಿಯಲ್ಲಿ ಇದೆ. ಎಲ್ಲರ ಹೊಲ ಕೊಯ್ದಾದ ಮೇಲೆ, ದೊಡ್ಡಿಯಲ್ಲಿ ಎಷ್ಟು ಒಲೆ ಉರಿಯುತ್ತವೋ ಅಷ್ಟೂ ಒಲೆಯಿಂದ ಒಂದೊಂದು ಹಿಡಿ ರಾಗಿ ಒಂದೇ ಮೊರಕ್ಕೆ ಬೀಳಬೇಕು. ಅದನ್ನು ಬೀಸಿ, ಒಂದೇ ಮಡಕೆಯಲ್ಲಿ ಮುದ್ದೆ ತೊಳಸಿ, ಮೊದಲ ತುತ್ತು ಬೆಟ್ಟಕ್ಕೆ, ಎರಡನೆಯದು ಹಿರಿತಲೆಗೆ, ಆಮೇಲೆ ಮಿಕ್ಕವರಿಗೆ. ಇದಕ್ಕೆ 'ಹೊಸತು' ಅನ್ನುತ್ತಾರೆ. ಒಂದು ಒಲೆ ತಪ್ಪಿದರೂ ಯಾರೂ ಉಣ್ಣುವ ಹಾಗಿಲ್ಲ.

"ಒಬ್ಬ ಜಗಳ ಆಡ್ಕೊಂಡು ಕೊಡಲ್ಲ ಅಂದ್ರೆ?" ಅಂದೆ.

"ಅವ್ನ ಕಾಲು ಹಿಡ್ಕೊಂಡು ಕರ್ಕೊಂಡ್ ಬರ್ತೀವಿ" ಅಂದ ಬೈರಣ್ಣ.

"ಊರು ಬಿಟ್ಟು ಹೋಗಿದ್ರೆ?"

"ಬರೋಗಂಟ ಕಾಯ್ತೀವಿ."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಕಟ್ಟಳೆಗೆ ಕಮ್ಮಿ ಇಲ್ಲ. ಅಮ್ಮಯಮ್ಮನಿಗೆ ಅಕ್ಕಿ ಗಂಜಿ ಕೊಟ್ಟರೆ ಮುಖ ತಿರುಗಿಸುತ್ತಾಳೆ. ಹೊತ್ತು ಕೆಳಗಿಳಿಸಿ ಬೆಳವಂಗಲದ ಡಾಕ್ಟರಿಗೆ ತೋರಿಸಿದರೆ ವಯಸ್ಸಾಯಿತು ಅಂದರಂತೆ. ಮುದುಕಿಗೆ ಇರುವುದು ಒಂದೇ ಆಸೆ, ಹೊಸ ರಾಗಿಯ ಒಂದು ತುತ್ತು ಉಂಡು ಕಣ್ಣು ಮುಚ್ಚಬೇಕು. ಬೀಸಿ ಒಂದು ತುತ್ತು ಹಾಕಿದರೆ ಮುಗಿದುಹೋಯಿತು. ಮಗನೂ ಹಾಕುವುದಿಲ್ಲ, ಅವಳೂ ಕೇಳುವುದಿಲ್ಲ. ಎಂಥ ಜನವೋ.

ನವೆಂಬರ್ 26

ನಾಳೆ ದೊಡ್ಡಬಳ್ಳಾಪುರಕ್ಕೆ. ಅಣ್ಣ ಚೌಡೇಶನ ಮಗಳು ನವ್ಯಶ್ರೀಗೆ ಗುರುವಾರ ನಿಶ್ಚಿತಾರ್ಥ. ಅತ್ತೆ ಅನ್ನುವವಳು ಇಲ್ಲದೆ ಆಗುತ್ತದೆಯೇ.

ನಾಳೆ ಚೀಲ ಎಷ್ಟು ಹೊತ್ತಿಗೆ ಹೊರಬೇಕು ಅಂತ ಕೇಳಲು ಬಂದ ಬೈರಣ್ಣ ತಲೆ ಕೆರೆಯುತ್ತ ನಿಂತ. "ಶನಿವಾರ ಬಂದ್ಬಿಡಿ ಅಕ್ಕ. ಶುಕ್ರವಾರಕ್ಕೆ ಮುನಿರಾಮಯ್ಯನ ಹೊಲ ಮುಗೀತದೆ. ಭಾನುವಾರ ಹೊಸತು."

"ನೀವು ಮಾಡ್ಕೊಳ್ಳಿ, ನನಗೇನು."

"ನಿಮ್ದೂ ಒಂದು ಒಲೆ ಅಲ್ವಾ. ನಮ್ಮವ್ವನೇ ಕೆಂಡ ಇಕ್ಕವ್ಳೆ."

ನನಗೆ ನಗು ತಡೆಯಲಾಗಲಿಲ್ಲ. ಇವರ ತಟ್ಟೆ ಮುಟ್ಟಬಾರದು ಅಂತ ನಾನು ಮೂರು ಕಲ್ಲಿಟ್ಟುಕೊಂಡರೆ, ಇವರು ನನ್ನನ್ನು ಒಂದು ಮನೆ ಅಂತ ಎಣಿಸಿಕೊಂಡಿದ್ದಾರೆ. ನನಗೆ ಹೊಲ ಎಲ್ಲಿದೆ ಅಂದೆ. ಹೊಲ ಇಲ್ಲದವರು ಕೊಯ್ದ ಹೊಲದಲ್ಲಿ ಹಕ್ಕಲು ಆಯ್ದು, ಬಿದ್ದ ತೆನೆಯಿಂದ ಒಂದು ಹಿಡಿ ಮಾಡಿಕೊಳ್ಳಬೇಕಂತೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯ ಹುಡುಗಿ ಹಕ್ಕಲು ಆಯುವುದು. ನಮ್ಮಪ್ಪ ಇದ್ದಿದ್ದರೆ ನೇಣು ಹಾಕಿಕೊಳ್ಳುತ್ತಿದ್ದ.

ಶನಿವಾರ ಬರುತ್ತೇನೆ ಅಂದೆ, ಮಾತು ಮುಗಿಯಲಿ ಅಂತ. ಅವರ ಮನೆಯ ಜಗುಲಿಯ ಮೇಲಿಂದ ಮುದುಕಿ ಕೈ ಎತ್ತಿದಳು. ಆ ಕೈ ನೋಡಿದರೆ ಶನಿವಾರದವರೆಗೆ ಇರುವ ಹಾಗೆ ಕಾಣಲಿಲ್ಲ.

ನವೆಂಬರ್ 28, ಗುರುವಾರ

ನಿಶ್ಚಿತಾರ್ಥ ಮುಗಿಯಿತು. ಬೆಳಗ್ಗೆಯಿಂದ ಹಿತ್ತಲಲ್ಲಿ ಕೂತು ಹುರುಳಿಕಾಯಿ ಹೆಚ್ಚಿದೆ. ಗಂಡಿನ ತಾಯಿ "ಇವರು ಯಾರು" ಅಂತ ಕೇಳಿದರು. ನಮ್ಮ ಅತ್ತಿಗೆ ಅನಿತ, "ನಮ್ಮೋರೇ, ಮನೇಲಿರ್ತಾರೆ" ಅಂದಳು. ನಾದಿನಿ ಅನ್ನುವ ಮೂರಕ್ಷರ ಅವಳ ಬಾಯಿಗೆ ಭಾರ.

ಫೋಟೋಗೆ ಎಲ್ಲರನ್ನೂ ಕರೆದರು. ಕೈ ತೊಳೆದುಕೊಂಡು ಬರುವಷ್ಟರಲ್ಲಿ ತೆಗೆದಾಗಿತ್ತು. ಊಟಕ್ಕೆ ಕೊನೆಯ ಪಂಕ್ತಿಯಲ್ಲಿ ಕೂತರೆ ಹೋಳಿಗೆ ಮುಗಿದಿತ್ತು. ಊಟ ಆಯಿತಾ ಅಂತ ಒಬ್ಬರೂ ಕೇಳಲಿಲ್ಲ, ಅಣ್ಣನೂ ಕೇಳಲಿಲ್ಲ. ಹೊಟ್ಟೆ ಉರಿಯಿತು. ಹೋಳಿಗೆಗಲ್ಲ. ಹೋಗಲಿ ಬಿಡು, ದೊಡ್ಡ ಕಾರ್ಯ, ಯಾರು ಯಾರನ್ನು ನೋಡುತ್ತಾರೆ.

ಡಿಸೆಂಬರ್ 1, ಭಾನುವಾರ

ನಿನ್ನೆ ಹೋಗಲಿಲ್ಲ. ಮಳೆ. ತೀರಾ ಹೋಗಲಾರದಂಥ ಮಳೆಯಲ್ಲ, ಬಸ್ಸುಗಳು ಓಡಾಡುತ್ತಿವೆ. ಆದರೂ ಗೀಸರ್ ನೀರು, ಟಿವಿ, ಬೆನ್ನಿಗೆ ಹಾಸಿಗೆ ಬಿಟ್ಟು ಆ ಮುಳ್ಳಿನ ದಾರಿ ಯಾಕೆ ತುಳಿಯಬೇಕು.

ಮಧ್ಯಾಹ್ನ ಬೈರಣ್ಣನ ಫೋನು. "ಅಕ್ಕ, ಯಾವಾಗ ಬತ್ತೀರಿ? ಅವ್ವ ನಿಮ್ಮನ್ನ ಕೇಳ್ತಾವ್ಳೆ. ನೀರು ಬಿಟ್ಟು ಏನೂ ಇಳೀತಿಲ್ಲ."

"ನನ್ನ ಬಿಟ್ಟು ಉಣ್ಣಿ ಬೈರಣ್ಣ. ನಾನೇ ಹೇಳ್ತಿದೀನಲ್ಲ."

"ಹಂಗಾಗಾಕಿಲ್ಲ ಅಕ್ಕ. ನಿಮ್ ಕೈಯಿಂದ ಬೀಳ್ಬೇಕು."

"ಸೋಮವಾರ ನೋಡ್ತೀನಿ" ಅಂದು ಇಟ್ಟೆ.

ರಾತ್ರಿ ಊಟದಲ್ಲಿ ಇದನ್ನೆಲ್ಲ ಹೇಳಿದೆ. ಕೆಂಡ, ಮೂರು ಕಲ್ಲು, ಹಕ್ಕಲು, ಬೈರಣ್ಣನ ಮಾತಿನ ಧಾಟಿ ಎಲ್ಲ ಅನುಕರಿಸಿ ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಷ್ಟೋ ದಿನದ ಮೇಲೆ ಈ ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡಿಕೊಂಡು ಕೂತಿದ್ದರು. ಕೊನೆಯಲ್ಲಿ ಅನಿತ, ತಟ್ಟೆ ಎತ್ತುತ್ತ, "ಅಲ್ಲಾದ್ರೂ ನಿಮ್ಗೆ ಕಾಯೋರು ಇದಾರಲ್ಲ ಬಿಡಿ" ಅಂದಳು.

ಎಲ್ಲರೂ ಅದಕ್ಕೂ ನಕ್ಕರು. ನಾನೂ ನಕ್ಕೆ.

ಡಿಸೆಂಬರ್ 2

ಹೋಗಲಿಲ್ಲ. ಇವತ್ತೇ ಹೊರಟರೆ ಅನಿತಳ ಮಾತು ನಿಜ ಅಂತಾಗುತ್ತದೆ. ಮಳೆ ನಿಂತಿದೆ.

ಡಿಸೆಂಬರ್ 3

ಇವತ್ತೂ ಫೋನು ಬರಲಿಲ್ಲ. ಬರಲಿಲ್ಲ ಅಂದರೆ ಉಂಡಿರಬೇಕು. ಒಳ್ಳೆಯದಾಯಿತು. ಹಸಿವು ಯಾವ ಕಟ್ಟಳೆಯನ್ನು ಉಳಿಸಿದೆ.

ಡಿಸೆಂಬರ್ 4, ಬುಧವಾರ

ಉಂಡಿರಲಿಲ್ಲ.

ನಾನು ಹತ್ತಿ ಬರುವಾಗ ದೊಡ್ಡಿಯ ಪಕ್ಕದ ಇಳಿಜಾರಿನಲ್ಲಿ ಹೊಸ ಮಣ್ಣು ಕಂಡಿತು. ಅಮ್ಮಯಮ್ಮ ನಿನ್ನೆ ಹೊತ್ತು ಮುಳುಗುವ ಮೊದಲು ಹೋದಳಂತೆ. ಚಿಕ್ಕತಾಯಮ್ಮ ಹೇಳಿದಳು. ಬೆಳಗ್ಗೆ ಎರಡು ಸಲ "ಬನಶಂಕರಿ ಬಂದ್ಲಾ" ಅಂತ ಕೇಳಿದಳಂತೆ, ಆಮೇಲೆ ಕೇಳಲಿಲ್ಲವಂತೆ. ರಾಗಿ ಮೂಟೆ ಅವಳು ಮಲಗಿದ್ದ ಜಗುಲಿಯ ಮೇಲೇ, ತಲೆದೆಸೆಯಲ್ಲೇ ಇತ್ತು. ಈಗಲೂ ಇದೆ, ಕಟ್ಟು ಬಿಚ್ಚಿಲ್ಲ.

ನನಗೆ ಎಲ್ಲಿಂದ ಬಂತೋ ಸಿಟ್ಟು. ಸತ್ತ ಮನೆ ಅಂತಲೂ ನೋಡಲಿಲ್ಲ, ಬೈರಣ್ಣನನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು ಬೈದೆ. "ನಿಮಗೇನು ತಲೆ ಇಲ್ವಾ? ಹೆತ್ತ ತಾಯಿ ಬಾಯಿಗೆ ಒಂದು ತುತ್ತು ಹಾಕೋಕಾಗ್ಲಿಲ್ವಾ? ನಾನ್ಯಾರು ನಿಮಗೆ? ನಾಳೆ ಎದ್ದು ಹೋಗೋಳು. ನನ್ನ ಒಂದು ಹಿಡಿ ರಾಗಿಗೋಸ್ಕರ ಮುದುಕೀನ ಉಪವಾಸ ಕೊಂದ್ರಲ್ಲ."

ಅವನು ತಲೆ ಬಗ್ಗಿಸಿ ಎಲ್ಲ ಕೇಳಿಸಿಕೊಂಡ. ಆಮೇಲೆ, "ಒಂದು ಒಲೆ ಬಿಟ್ಟು ಹೆಂಗಕ್ಕ ಉಣ್ಸೋದು? ಕೊಟ್ಟಿದ್ರೂ ಅವ್ಳು ಬಾಯಿ ಬಿಡ್ತಿರ್ಲಿಲ್ಲ" ಅಂದ. ಮತ್ತೆ ತಾನೇ, "ಮಳೇಲಿ ನಿಮ್ಗೆ ಬಸ್ಸು ಸಿಕ್ಕಿರಾಕಿಲ್ಲ" ಅಂದ.

ಹೌದು ಅಂದೆ.

ಡಿಸೆಂಬರ್ 5

ಒಲೆ ಆರಿಹೋಗಿರಬೇಕು ಅಂದುಕೊಂಡರೆ, ಬೂದಿಯ ಕೆಳಗೆ ಕೆಂಡ ಇತ್ತು. ನಾನಿಲ್ಲದಾಗ ಚಿಕ್ಕತಾಯಮ್ಮ ದಿನಾ ಒಂದು ಕೊರಡು ಇಟ್ಟು ಆರದ ಹಾಗೆ ನೋಡಿಕೊಂಡಿದ್ದಾಳೆ. ಯಾರು ಹೇಳಿದ್ದರು ಇವಳಿಗೆ.

ಅನ್ನ ಮಾಡಿದೆ. ಸೇರಲಿಲ್ಲ.

ಡಿಸೆಂಬರ್ 9

ಸೂತಕ. ಹನ್ನೊಂದು ದಿನ ಕಳೆಯುವವರೆಗೆ ಹೊಸತು ಇಲ್ಲ. ಹಗಲೆಲ್ಲ ರಾಗಿ ಮೂಟೆಗಳ ನಡುವೆ ಕೂತು ಸೊಸೈಟಿಯ ಅಕ್ಕಿ ಉಣ್ಣುತ್ತಿದ್ದಾರೆ. ಯಾರೂ ನನಗೆ ಒಂದು ಮಾತು ಅನ್ನುವುದಿಲ್ಲ. ನಮ್ಮ ಕಡೆಯಾದರೆ ಇಷ್ಟು ಹೊತ್ತಿಗೆ ಬೀದಿಯಲ್ಲಿ ನಿಲ್ಲಿಸಿ ಮಾನ ಕಳೆಯುತ್ತಿದ್ದರು, ನಾನೂ ತಿರುಗಿ ನಾಲ್ಕು ಅಂದು ಹಗುರಾಗುತ್ತಿದ್ದೆ. ಬೈಯುವುದಕ್ಕೂ ಬಾರದ ಜನ.

ಆನಂದ್ ಸರ್ ಫೋನು ಮಾಡಿದ್ದರು. ಇನ್ನೂ ಯಾಕೆ ಅಲ್ಲೇ ಇದ್ದೀರಿ, ಇದ್ದಷ್ಟು ಸಾಕು, ಬನ್ನಿ ಅಂದರು. ಹೊಸತು ಒಂದು ನೋಡಿಕೊಂಡು ಬರುತ್ತೇನೆ, ಪುಸ್ತಿಕೆಗೆ ಬೇಕು ಅಂದೆ. ಬೇಡ, ಫೋಟೋ ಇದ್ದರೆ ಸಾಕು ಅಂದರು. ಫೋಟೋವಂತೆ.

ಡಿಸೆಂಬರ್ 14, ಶನಿವಾರ

ಬೆಳಗ್ಗೆ ಮುನಿರಾಮಯ್ಯನ ಹೊಲದಲ್ಲಿ ಹಕ್ಕಲು ಆಯ್ದೆ. ಮಳೆಗೆ ಬಿದ್ದ ತೆನೆ ಮಣ್ಣಿಗೆ ಅಂಟಿಕೊಂಡಿತ್ತು, ಎಷ್ಟೋ ಮೊಳಕೆ ಬಂದಿದ್ದವು. ಕೂಳೆ ಚುಚ್ಚಿ ಬೆರಳೆಲ್ಲ ಗೀರು. ಚಿಕ್ಕತಾಯಮ್ಮ ಸಹಾಯಕ್ಕೆ ಬಂದಳು, ಬೇಡ ಅಂದೆ. ಕೈಯಿಂದ ಬೀಳಬೇಕು ಅಂದಮೇಲೆ ಕೈಯಿಂದಲೇ ಬೀಳಲಿ. ಉಜ್ಜಿ, ತೂರಿ, ಕಲ್ಲು ಆರಿಸಿ ಒಂದು ಹಿಡಿ ಆಗುವಷ್ಟರಲ್ಲಿ ಸೊಂಟ ಬಿದ್ದುಹೋಯಿತು.

ಮೊರದ ಸುತ್ತ ಎಲ್ಲರೂ ಕೂತಿದ್ದರು. ಒಂದೊಂದು ಒಲೆಯವರು ಎದ್ದು ಬಂದು ಹಿಡಿ ಬಿಟ್ಟು ಹೋದರು. ಬೈರಣ್ಣ ಕೊನೆಗೆ ನನ್ನ ಹೆಸರು ಕರೆದ. ಬರೀ ಬನಶಂಕರಿ ಅನ್ನಲಿಲ್ಲ, "ನಮ್ಮವ್ವ ಕೆಂಡ ಇಕ್ಕಿದ ಬನಶಂಕರಿ" ಅಂದ. ಹಿಡಿ ಬಿಟ್ಟೆ. ನನ್ನದು ಎಲ್ಲರದಕ್ಕಿಂತ ಕಪ್ಪಗೆ, ಮುಗ್ಗಲು ವಾಸನೆ. ಯಾರೂ ಬೇರೆ ಮಾಡಲಿಲ್ಲ, ಕಲಸಿಬಿಟ್ಟರು.

ಬೆಟ್ಟದ ತುತ್ತು ಇಟ್ಟಾಯಿತು. ಮುದುಕಿ ಹೋದ ಮೇಲೆ ದೊಡ್ಡಿಗೆ ಹಿರಿಯ ಮುನಿರಾಮಯ್ಯ, ಹಿರಿತಲೆಯ ತುತ್ತು ಈ ಸಲ ಅವನಿಗೆ ಬರಬೇಕು. ಅವನು ಕೈಯಲ್ಲಿ ಇಸಿದುಕೊಂಡು ಹೋಗಿ ಹೊಸ ಮಣ್ಣಿನ ಮೇಲೆ ಇಟ್ಟು ಬಂದ. ಅಲ್ಲಿಯವರೆಗೆ ನನಗೆ ಏನೂ ಆಗಿರಲಿಲ್ಲ. ಆಗ ಅಳು ಬಂತು, ಎಲ್ಲರ ಎದುರಿಗೆ, ಬಿಕ್ಕಿ ಬಿಕ್ಕಿ. ಚಿಕ್ಕತಾಯಮ್ಮ ಹೊಗೆ ಅಂದುಕೊಂಡಳೋ ಏನೋ, ಒಲೆಯ ಆ ಕಡೆ ಕೂರಿಸಿದಳು.

ಮುದ್ದೆ ಉಂಡೆ. ಅದೇ ತಟ್ಟೆಗಳು. ಹೊಸ ರಾಗಿ ನಾಲಿಗೆಗೆ ಸ್ವಲ್ಪ ಅಂಟುತ್ತದೆ, ಸ್ವಲ್ಪ ಸಿಹಿ. ಎರಡು ಮುದ್ದೆ ಉಂಡೆ. "ಊಟ ಆಯ್ತಾ ಅಕ್ಕ" ಅಂತ ಹೋಗುವವರು ಬರುವವರೆಲ್ಲ ಕೇಳಿದರು. ಎದುರಿಗೇ ಕೂತು ಉಂಡಿದ್ದೇನೆ, ಮತ್ತೇನು ಕೇಳುವುದು.

ಡಿಸೆಂಬರ್ 16, ಸೋಮವಾರ

ಹೊರಡುವ ದಿನ. ಬೆಳಗ್ಗೆ ಆನಂದ್ ಸರ್ ಫೋನು. "ಅಗತ್ಯ ಅನ್ನೋ ಜಾಗಕ್ಕೆ ಒಂದು ಲೈನ್ ಹೇಳಿ ಬನಶಂಕರಿ, ಪ್ರಿಂಟ್‌ಗೆ ಹೋಗ್ತಿದೆ" ಅಂದರು.

"ಒಂದು ಲೈನ್ ಸಾಲಲ್ಲ. ದಾರಿ ಇಲ್ಲ. ಬೇಸಿಗೇಲಿ ಕುಡಿಯೋ ನೀರಿಲ್ಲ. ಬೆಟ್ಟ ಹತ್ತೋ ಡಾಕ್ಟರ್ ಇಲ್ಲ. ಹಂದಿ ಕಾಟಕ್ಕೆ ಬೇಲಿ ಇಲ್ಲ. ಸೀರೆ ಮಾತ್ರ ನಮ್ಮ ದೊಡ್ಡಿಗೆ ಬೇಡ, ಅದನ್ನ ಬರ್ಕೊಳ್ಳಿ. ಕೊಡೋದೇ ಆದ್ರೆ ಒಳ್ಳೇದು ಕೊಡ್ಲಿ."

"ನಮ್ಮ ದೊಡ್ಡಿ ಅಂದ್ರೆ ಯಾವ್ದು?" ಅಂದರು. ಈ ಮನುಷ್ಯನಿಗೆ ಕಿವಿಯೂ ಇಲ್ಲ. ಫೋನು ಇಟ್ಟೆ.

ಬೈರಣ್ಣ ಟ್ರಂಕು ಹೊತ್ತುಕೊಂಡ. ಚಿಕ್ಕತಾಯಮ್ಮ ಒಂದು ಚೊಂಬು ನೀರು ತಂದು ನನ್ನ ಕೈಗೆ ಕೊಟ್ಟು, ಮೂರು ಕಲ್ಲಿನ ಕಡೆ ತೋರಿಸಿದಳು. "ಬಿಟ್ಟು ಹೋಗೋರು ಒಲೆಗೆ ನೀರು ಹಾಕಿ ಹೋಗ್ಬೇಕು ಅಕ್ಕ. ಇಲ್ದಿದ್ರೆ ಬರೋ ವರ್ಷ ನಿಮ್ಗೆ ಕಾಯ್ಬೇಕಾಯ್ತದೆ."

"ನಾನು ಬರ್ದಿದ್ರೂ ಕಾಯ್ತೀರಾ?"

"ಕಾಯ್ದೆ ಇರ್ತೀವಾ?"

ಅವಳ ಮುಖ ನೋಡಿದೆ. ಹೋದ ಹದಿನೈದು ದಿನದಿಂದ ಇವರು ಏನೂ ಕಲಿತಿಲ್ಲ. ಚೊಂಬು ಹಿಡಿದು ನಿಂತೆ. ಬೈರಣ್ಣ ಟ್ರಂಕು ಹೊತ್ತೇ ನಿಂತಿದ್ದ, ಭಾರ ಆಯಿತು ಅಂತಲೂ ಅನ್ನಲಿಲ್ಲ.

ನೀರನ್ನು ಕಾಲಿಗೆ ಹಾಕಿಕೊಂಡೆ, ಮಣ್ಣಾಗಿತ್ತು. ಕೂತು ಕೆಂಡದ ಮೇಲೆ ಬೂದಿ ಎಳೆದು ಮುಚ್ಚಿ, ಮೇಲೊಂದು ಕೊರಡು ಇಟ್ಟು, ಚೊಂಬು ಅವಳ ಕೈಗೆ ವಾಪಸ್ ಕೊಟ್ಟೆ. ಬರುವ ವರ್ಷವೂ ಕಾಯಲಿ, ಬುದ್ಧಿ ಇಲ್ಲದ ಮುಂಡೇವು.